ಕಪಾಟಿನ ಮೇಲಿನ ಮುಚ್ಚಳ

ಮನೆಯಿಂದ
ಜೂನ್ 3

ಬಟಾಣಿಯ ಅಮ್ಮನಿಗೆ,

ನೀನು ರೈಲು ಹತ್ತಿದ ಮೇಲೆ ಇದು ಮೊದಲನೆಯ ಕಾಗದ. ನಿನ್ನೆಯೇ ಕೂತಿದ್ದೆ, ಅರ್ಧ ಬರೆದು ಹರಿದು ಹಾಕಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಲಾರಿ ತೂಕದ ಚೀಟಿ ಬಿಟ್ಟು ಬೇರೇನೂ ಬರೆದವನಲ್ಲ. ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು.

ಅಲ್ಲಿ ಹಾಸಿಗೆ ಕಿಟಕಿಯ ಪಕ್ಕ ಸಿಕ್ಕಿತೇ? ಸಿಕ್ಕಿದ್ದರೆ ಗಾಳಿ ಬಡಿದು ಕೆಮ್ಮು ಹೆಚ್ಚಾದೀತು. ಸಿಗದಿದ್ದರೆ ಗಾಳಿಯೇ ಇಲ್ಲದೆ ಎದೆ ಕಟ್ಟೀತು. ಯಾವುದಾದರೂ ನನಗೆ ಯೋಚನೆಯೇ. ಎದೆ ಆಸ್ಪತ್ರೆಗೆ ಮಕ್ಕಳನ್ನು ಬಿಡುವುದಿಲ್ಲ ಎಂದು ಗೊತ್ತಿದ್ದರೂ ಬಾಗಿಲ ಹೊರಗಿನಿಂದಾದರೂ ನಮ್ಮ ಬಟಾಣಿಯನ್ನು ತೋರಿಸಬಹುದಾ ಎಂದು ಒಮ್ಮೆ ಕೇಳಿ ನೋಡು.

ನಾನು ಸಾಹೇಬರ ಕೈಕಾಲು ಹಿಡಿದು ಪಾಳಿ ಬದಲಿಸಿಕೊಂಡೆ. ಈಗ ಬೆಳಕಿರುವಾಗಲೇ ಮನೆಗೆ ಬರುತ್ತೇನೆ. ಹಗಲೆಲ್ಲ ಮಗು ಮೇಲಿನ ಮನೆ ಟೈಲರಮ್ಮನ ಹತ್ತಿರ. ಇಷ್ಟು ದಿನ ಬಟಾಣಿ ಊಟ ಮಾಡುವುದನ್ನು ನಾನು ಕಣ್ಣಾರೆ ಕಂಡವನೇ ಅಲ್ಲ ನೋಡು. ನಾನು ಬರುವಾಗ ಅವಳು ಮಲಗಿರುತ್ತಿದ್ದಳು, ನನ್ನ ತಟ್ಟೆ ಮುಚ್ಚಿರುತ್ತಿತ್ತು, ಅಷ್ಟೇ ನಮ್ಮ ಸಂಸಾರ. ಈಗ ದಿನವೂ ಎದುರು ಕೂತು ಉಣಿಸುತ್ತೇನೆ.

ಚೆನ್ನಾಗಿ ಉಣ್ಣುತ್ತಾಳೆ. ಅನ್ನ, ಬೇಳೆ, ಆಲೂಗಡ್ಡೆ, ಏನು ಕೊಟ್ಟರೂ ಬಾಯಿ ತೆರೆಯುತ್ತಾಳೆ. ನಿನ್ನೆ ಮೊಟ್ಟೆಯನ್ನು ಹಳದಿ ಸಮೇತ ತಿಂದಳು. ನೀನು ಇದೊಂದು ಚಿಂತೆ ಬಿಡು. ನಿನ್ನ ಊಟದ ಕಡೆ ನೋಡಿಕೋ.

ಬಟಾಣಿಯ ಅಪ್ಪ


ವಾರ್ಡಿನಿಂದ
ಜೂನ್ 11

ಬಟಾಣಿಯ ಅಪ್ಪನಿಗೆ,

ನಿಮ್ಮ ಕಾಗದದ ತಪ್ಪುಗಳನ್ನು ತಿದ್ದಲಿಲ್ಲ. ತಿದ್ದಿದರೆ ನಿಮ್ಮ ದನಿ ಕೇಳಿಸುವುದಿಲ್ಲ. ಹಾಸಿಗೆ ಕಿಟಕಿಯ ಪಕ್ಕವೂ ಅಲ್ಲ, ದೂರವೂ ಅಲ್ಲ, ನಿಮ್ಮ ಎರಡೂ ಯೋಚನೆಗೆ ರಜೆ ಕೊಡಿ. ಬಾಗಿಲ ಹೊರಗಿನಿಂದಲೂ ಮಕ್ಕಳಿಗೆ ಅಪ್ಪಣೆ ಇಲ್ಲ. ಕೇಳಿದೆ.

ಡಾಕ್ಟರು ಹೇಳುವುದು ಒಂದೇ ಮಾತು. ಮೈಯಲ್ಲಿ ಕಸುವಿಲ್ಲದವಳಿಗೆ ಕತ್ತರಿ ಹಾಕಲಾರೆ, ಚೆನ್ನಾಗಿ ತಿಂದು ತೂಕ ಏರಿಸಿಕೊಂಡರೆ ಎದೆಯ ಆಪರೇಷನ್ ಮಾಡಿ ಮನೆಗೆ ಕಳಿಸುತ್ತೇನೆ ಎಂದು. ಊಟದ ಗಾಡಿ ತಳ್ಳುವ ಹೆಂಗಸು ಬಾಯಿ ಜೋರಿನವಳು, ಎಲ್ಲರಿಗೂ ಅತ್ತೆ. ಪ್ರತಿ ಹಾಸಿಗೆಯ ಮುಂದೆ ಒಂದು ಮುಚ್ಚಿದ ತಟ್ಟೆ ಇಟ್ಟು ಹೋಗುತ್ತಾಳೆ. ಊಟ ಪರವಾಗಿಲ್ಲ. ನಾನೂ ಚೆನ್ನಾಗಿ ಉಣ್ಣುತ್ತಿದ್ದೇನೆ.

ಬಟಾಣಿ ಹಳದಿ ತಿಂದಳೇ? ನನ್ನ ಕೈಯಲ್ಲಿ ಒಂದು ದಿನವೂ ತಿಂದವಳಲ್ಲ. ನಾಲಿಗೆಯಿಂದ ಮೆಲ್ಲಗೆ ಹೊರಗೆ ತಳ್ಳಿ, ನನ್ನ ಮುಖ ನೋಡಿ ನಗುತ್ತಿದ್ದಳು. ಇರಲಿ, ತಿಂದಳಲ್ಲ. ಒಳ್ಳೆಯದಾಯಿತು.

ಬಟಾಣಿಯ ಅಮ್ಮ


ಮನೆಯಿಂದ
ಜೂನ್ 20

ಬಟಾಣಿಯ ಅಮ್ಮನಿಗೆ,

ನೀನು ಚೆನ್ನಾಗಿ ಉಣ್ಣುತ್ತಿದ್ದೀ ಎಂದು ಓದಿ ಜೀವಕ್ಕೆ ತಂಪಾಯಿತು. ಟೈಲರಮ್ಮನಿಗೂ ಓದಿ ಹೇಳಿದೆ.

ಟೈಲರಮ್ಮ ಮೊನ್ನೆ ಊರಿಗೆ ಹೋಗಿದ್ದಳು, ಅದಕ್ಕೆ ಮಗುವನ್ನು ಕೆಲಸಕ್ಕೇ ಎತ್ತಿಕೊಂಡು ಹೋದೆ. ಲಾರಿ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ತಮಾಷೆಗೆ ಅವಳನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದೆ. ಅದು ಲಾರಿ ತೂಗುವ ಹಲಗೆ, ನಾಲ್ಕು ಆನೆ ನಿಲ್ಲಬಹುದು. ನಡುವೆ ಇವಳೊಬ್ಬಳು, ಕೈಯಲ್ಲಿ ಒಂದು ಬಿಸ್ಕತ್ತು. ಒಳಗೆ ಬಂದು ಯಂತ್ರ ನೋಡಿದರೆ ಬರೀ ಸೊನ್ನೆ. ಮರಳು ಲಾರಿಯ ಡ್ರೈವರ್ ನೋಡುತ್ತಾ ನಿಂತಿದ್ದ. “ಏನಣ್ಣಾ, ನಿನ್ ಲೋಡು ಲೆಕ್ಕಕ್ಕೇ ಬರ್ತಿಲ್ಲವಲ್ಲ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟು ಸಣ್ಣ ಭಾರ ಆ ಯಂತ್ರಕ್ಕೆ ಗೊತ್ತಾಗುವುದೇ ಇಲ್ಲ, ಅದು ಎಲ್ಲ ಮಕ್ಕಳಿಗೂ ಹಾಗೇ. ಮಗು ಸಣ್ಣಗಾಗಿದೆ ಎಂದೇನೂ ಅಲ್ಲ.

ಸುಮ್ಮನೆ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡ. ನೀನು ಉಣಿಸುವಾಗ ಹಾಡು ಗೀಡು ಏನಾದರೂ ಹೇಳುತ್ತಿದ್ದೆಯಾ? ಚಮಚವಾ, ಕೈಯಾ? ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಮೊದಲಿನಿಂದಲೂ ಇತ್ತಾ? ತಿಳಿದಿರಲಿ ಎಂದು ಕೇಳಿದೆ, ಅಷ್ಟೇ. ಇಲ್ಲಿ ಎಲ್ಲ ಸರಿ ಇದೆ. ತಟ್ಟೆ ಖಾಲಿ ಮಾಡುತ್ತಾಳೆ.

ಬಟಾಣಿಯ ಅಪ್ಪ


ಮನೆಯಿಂದ
ಜುಲೈ 1

ಬಟಾಣಿಯ ಅಮ್ಮನಿಗೆ,

ನಿನ್ನ ಕಾಗದ ಇನ್ನೂ ಬರಲಿಲ್ಲ. ಅಂಚೆಯವನನ್ನು ರಸ್ತೆಯ ತುದಿಯಲ್ಲೇ ಹಿಡಿದು ಕೇಳುತ್ತೇನೆ, ಈಗ ಅವನು ನನ್ನನ್ನು ಕಂಡರೆ ಸೈಕಲ್ ಜೋರು ಮಾಡುತ್ತಾನೆ. ಆಪರೇಷನ್ ಆಗಿಹೋಯಿತೇ? ನನಗೆ ಹೇಳಿದರೆ ಗಾಬರಿಯಾಗುತ್ತೇನೆ ಎಂದು ಹೇಳದೆ ಮಾಡಿಸಿಕೊಂಡೆಯಾ? ಹೇಳದಿದ್ದರೆ ಇನ್ನೂ ಗಾಬರಿ ಎಂದು ನಿನಗೆ ಗೊತ್ತಿಲ್ಲವೇ?

ಒಂದು ಸಾಲು ಬರೆ. ಬರೆಯಲಾಗದಿದ್ದರೆ ಆ ಗಾಡಿಯ ಹೆಂಗಸಿನ ಕೈಯಲ್ಲಿ ಬರೆಸು. ಮಗು ಆರಾಮಾಗಿದ್ದಾಳೆ. ಉಂಡು ಆಡಿಕೊಂಡಿದ್ದಾಳೆ.

ಬಟಾಣಿಯ ಅಪ್ಪ


ವಾರ್ಡಿನಿಂದ
ಜುಲೈ 5

ಬಟಾಣಿಯ ಅಪ್ಪನಿಗೆ,

ಎರಡೂ ಕಾಗದ ಬಂದವು. ಆಪರೇಷನ್ ಆಗಿಲ್ಲ. ತೂಕ ಏರಲಿಲ್ಲ, ಇನ್ನೂ ಒಂದಿಷ್ಟು ಇಳಿಯಿತಂತೆ. ಆಗಸ್ಟ್ ಕೊನೆಯವರೆಗೆ ನೋಡಿ, ಆಮೇಲೆ ಕತ್ತರಿಯ ಆಸೆ ಬಿಡುತ್ತೇವೆ ಎಂದರು ಡಾಕ್ಟರು. ಆದದ್ದಾಗಲಿ.

ಬಟಾಣಿ ತಟ್ಟೆ ಖಾಲಿ ಮಾಡುತ್ತಾಳೆ ಎಂದು ಮತ್ತೆ ಮತ್ತೆ ಓದಿದೆ. ನಾನಿಲ್ಲದಿದ್ದರೂ ನಡೆಯುತ್ತದೆ ಎಂದಾಯಿತು. ಅವಳು ಇಷ್ಟು ಬೇಗ ಕಲಿಯುತ್ತಾಳೆ ಎಂದುಕೊಂಡಿರಲಿಲ್ಲ. ಒಳ್ಳೆಯದೇ. ಹಾಡು ಗೀಡು ಏನೂ ಹೇಳುತ್ತಿರಲಿಲ್ಲ. ಎಲ್ಲ ಅಮ್ಮಂದಿರು ಉಣಿಸಿದ ಹಾಗೆ ಉಣಿಸುತ್ತಿದ್ದೆ. ಈಗ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಬಾಗಿಲ ಹಿಂದಿನ ಗೂಟಕ್ಕೆ ನನ್ನ ಹಸಿರು ಹೂವಿನ ನೈಟಿ ಹಾಕಿ ಬಂದಿದ್ದೇನೆ. ಸುಮ್ಮನೆ ಧೂಳು ಹಿಡಿಯುವುದು ಬೇಡ. ಟೈಲರಮ್ಮನಿಗೆ ಕೊಟ್ಟು ಕತ್ತರಿಸಿ ಬಟಾಣಿಗೆ ಫ್ರಾಕು ಹೊಲಿಸಿ. ಬೆಳೆಯುವ ಮಗು, ಎರಡು ಅಳತೆಯಲ್ಲಿ ಹೊಲಿಸಿದರೆ ಮುಂದಕ್ಕೂ ಆಗುತ್ತದೆ.

ಬಟಾಣಿಯ ಅಮ್ಮ


ಮನೆಯಿಂದ
ಜುಲೈ 9

ಬಟಾಣಿಯ ಅಮ್ಮನಿಗೆ,

ನಿನ್ನ ಕಾಗದ ಹಿಡಿದು ಮೇಲಿನ ಮನೆಗೆ ಓಡಿದೆ. ಟೈಲರಮ್ಮನಿಗೆ ಓದಿ ಹೇಳುತ್ತಾ ಇದ್ದೆ, ಫ್ರಾಕಿನ ಮಾತು ಬಂದ ಕಡೆ ಅವಳು ಮಿಷನ್ನು ನಿಲ್ಲಿಸಿದಳು. “ಅಣ್ಣಾ, ಈ ಬಟ್ಟೆಗೆ ನಾನು ಕತ್ತರಿ ಮುಟ್ಟಿಸಲ್ಲ. ನೀವು ಮೊದ್ಲು ಅವ್ರಿಗೆ ನಿಜ ಬರೀರಿ” ಅಂದಳು.

ನಿಜ ಇದು. ಮಗು ಉಣ್ಣುತ್ತಿಲ್ಲ. ನೀನು ಹೋದ ದಿನದಿಂದಲೂ ಉಣ್ಣುತ್ತಿಲ್ಲ. ಹಳದಿ ತಿಂದಳು ಎಂದು ಬರೆದೆನಲ್ಲ, ಬಿಳಿಯನ್ನೂ ತಿಂದಿರಲಿಲ್ಲ. ನಿನಗೆ ಸಮಾಧಾನವಾದರೆ ಬೇಗ ವಾಸಿಯಾಗುತ್ತೀ ಎಂದುಕೊಂಡು ಬರೆದೆ. ಅದನ್ನು ಓದಿ ನೀನು ಹೀಗೆ ತಿಳಿದುಕೊಳ್ಳುತ್ತೀ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀನಿಲ್ಲದೆ ಇಲ್ಲಿ ಏನೂ ನಡೆಯುತ್ತಿಲ್ಲ.

ತಟ್ಟೆ ಕಂಡರೆ ಮುಖ ತಿರುಗಿಸುತ್ತಾಳೆ. ತುಟಿ ಹೊಲಿದ ಹಾಗೆ ಬಿಗಿ ಹಿಡಿಯುತ್ತಾಳೆ. ಹೇಗೋ ಒಂದು ತುತ್ತು ಒಳಗೆ ಹೋದರೆ ಕೆನ್ನೆಯಲ್ಲಿ ಠೇವಣಿ ಇಟ್ಟು, ನಾನು ನೀರು ತರಲು ಎದ್ದಾಗ ನನ್ನ ಚಪ್ಪಲಿಯ ಮೇಲೆ ಉಗಿಯುತ್ತಾಳೆ. ನಾನು ಕುದುರೆಯಾದೆ, ಬಸ್ಸಾದೆ, ಚಮಚವನ್ನು ವಿಮಾನ ಮಾಡಿದೆ. ಒಂದು ದಿನ ಗದರಿದೆ. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಾ ಕೂತಳು. ಆಮೇಲೆ ನಾನೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಟೈಲರಮ್ಮನ ಮನೆಯಲ್ಲೂ ಇದೇ ಕತೆ. ಹಾಲು ಕುಡಿಯುತ್ತಾಳೆ, ಅರ್ಧ ಬಾಳೆಹಣ್ಣು ತಿನ್ನುತ್ತಾಳೆ, ಅನ್ನದ ತಟ್ಟೆ ಬಂದರೆ ರಂಪ.

ಮೊದಮೊದಲು ಇನ್ನೊಂದು ಹಟ ಇತ್ತು. ನಾನು ತಟ್ಟೆಗೆ ಬಡಿಸಿ ಕೂತ ಕೂಡಲೇ ಓಡಿಹೋಗಿ ಆ ದೊಡ್ಡ ಸ್ಟೀಲ್ ಮುಚ್ಚಳ ತರುತ್ತಿದ್ದಳು, ನೀನಿದ್ದಾಗ ನನ್ನ ತಟ್ಟೆಗೆ ಮುಚ್ಚುತ್ತಿದ್ದೆಯಲ್ಲ, ಅದು. ತಂದು ಅನ್ನದ ಮೇಲೆ ದಬ್ ಎಂದು ಮುಚ್ಚಿಬಿಡುವುದು. ನನಗೆ ಬೇಡ, ಎತ್ತಿಡು ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. ನಾನು ತೆಗೆಯುವುದು, ಅವಳು ಮುಚ್ಚುವುದು, ಇದೇ ಆಟ. ಕೊನೆಗೆ ಸಿಟ್ಟು ಬಂದು ಮುಚ್ಚಳವನ್ನು ಕಪಾಟಿನ ಮೇಲೆ, ಅವಳ ಕಣ್ಣಿಗೆ ಕಾಣದ ಕಡೆ ಎಸೆದುಬಿಟ್ಟೆ. ಆ ಹಟವೇನೋ ನಿಂತಿತು. ಆದರೆ ಆವತ್ತಿನಿಂದ ಬಾಯಿ ತೆರೆಯುವುದೂ ನಿಂತಿತು. ಈಗ ಊಟಕ್ಕೆ ಕೂರಿಸಿದರೆ ಒಲೆಯ ಪಕ್ಕದ ಗಿಡ್ಡ ಸ್ಟೂಲನ್ನು ನೋಡುತ್ತಾ ಕೂರುತ್ತಾಳೆ.

ಕ್ಲಿನಿಕ್ಕಿನ ನರ್ಸು ಅವಳ ಅಂಗಿ ಎತ್ತಿ ಪಕ್ಕೆಲುಬು ತೋರಿಸಿದರು. “ಹೀಗೇ ಇಳೀತಾ ಹೋದ್ರೆ ಸೇರಿಸ್ಕೊಂಡು ಮೂಗಿನಿಂದ ನಳಿಗೆಯಲ್ಲಿ ಹಾಲು ಕೊಡ್ಬೇಕಾಗತ್ತೆ. ಮನೇಲಿ ಉಣ್ಣಿಸೋರು ಯಾರೂ ಇಲ್ವಾ?” ಎಂದು ಕೇಳಿದರು. ನಾನು ಇದ್ದೇನೆ ಎಂದು ಹೇಳಲು ನಾಚಿಕೆಯಾಯಿತು. ತೂಗುವುದೇ ನನ್ನ ಕೆಲಸ. ನನ್ನ ಮಗು ನನ್ನ ತೋಳಿನಲ್ಲಿ ದಿನದಿನಕ್ಕೆ ಹಗುರವಾಗುವುದು ನನಗೆ ಮೊದಲೇ ಗೊತ್ತಿತ್ತು.

ನೀನು ಏನು ಮಾಡುತ್ತಿದ್ದೆ ಹೇಳು. ಚಿಕ್ಕದಾದರೂ ಹೇಳು. ಬಟ್ಟೆ ಗೂಟದಲ್ಲೇ ಇದೆ, ಅಲ್ಲೇ ಇರುತ್ತದೆ.

ಬಟಾಣಿಯ ಅಪ್ಪ


ವಾರ್ಡಿನಿಂದ
ಜುಲೈ 14

ಆ ಮುಚ್ಚಳವನ್ನು ಈಗಲೇ ಕೆಳಗಿಳಿಸಿ. ಆಮೇಲೆ ಮುಂದೆ ಓದಿ.

ಅವಳು ಬೇಡ ಎಂದದ್ದಲ್ಲ. ನನಗೂ ಇದು ಉಣಿಸುವುದರಲ್ಲಿ ಸೇರಿದ್ದು ಎಂದು ಅನ್ನಿಸಿರಲಿಲ್ಲ, ಅದಕ್ಕೇ ನೀವು ಕೇಳಿದಾಗ ಹೊಳೆಯಲಿಲ್ಲ. ದಿನವೂ ಅವಳಿಗೆ ಬಡಿಸುವ ಮೊದಲು ನಿಮ್ಮ ತಟ್ಟೆಗೆ ಹಾಕುತ್ತಿದ್ದೆ. ಇದು ಅಪ್ಪನಿಗೆ ಎಂದು ಹೇಳಿ, ಮುಚ್ಚಿ, ಗಿಡ್ಡ ಸ್ಟೂಲಿನ ಮೇಲೆ ಇಡುತ್ತಿದ್ದೆ. ಅವಳು ಹೋಗಿ ಮುಚ್ಚಳದ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿ ಬರುತ್ತಿದ್ದಳು. ತಟ್ಟಿ ಬಂದ ಮೇಲೇ ಬಾಯಿ ತೆರೆಯುತ್ತಿದ್ದಳು. ಬೆಳಗ್ಗೆ ಎದ್ದು ಮೊದಲು ಆ ತಟ್ಟೆ ನೋಡುವುದು. ಖಾಲಿ ಇದ್ದರೆ ಅಪ್ಪ ಬಂದಿದ್ದರು, ಉಂಡರು ಎಂದು ಅವಳ ಲೆಕ್ಕ. ನೀವು ಮಲಗಿರುತ್ತಿದ್ದಿರಿ, ನೋಡಿಲ್ಲ.

ಮನೆಯಲ್ಲಿ ಯಾರು ಇಲ್ಲವೋ ಅವರ ಪಾಲು ಮೊದಲು ಎತ್ತಿಡಬೇಕು. ಅವಳಿಗೆ ಗೊತ್ತಿರುವುದು ಅಷ್ಟೇ. ನೀವು ಒಬ್ಬಳಿಗೇ ಬಡಿಸಿ ಕೂತರೆ ಅವಳು ಹೇಗೆ ಉಣ್ಣುತ್ತಾಳೆ? ಈಗ ಇಲ್ಲದವಳು ನಾನು. ಅವಳು ಮುಚ್ಚುತ್ತಿದ್ದದ್ದು ನನ್ನ ಪಾಲನ್ನು.

ಸುಳ್ಳು ಬರೆದಿರಿ ಎಂದು ಸಿಟ್ಟು ಬಂತು. ಎರಡು ದಿನ ಇದ್ದು ಹೋಯಿತು. ಟೈಲರಮ್ಮನಿಗೂ ಹೇಳಿ, ಮಧ್ಯಾಹ್ನ ಹಾಗೇ ಮಾಡಲಿ.

ಬಟಾಣಿಯ ಅಮ್ಮ


ಮನೆಯಿಂದ
ಜುಲೈ 19

ಬಟಾಣಿಯ ಅಮ್ಮನಿಗೆ,

ನೀನು ಹೇಳಿದಂತೆ ಮೊದಲು ಮುಚ್ಚಳ ಇಳಿಸಿದೆ, ಆಮೇಲೆ ಓದಿದೆ. ಓದಿ ಮುಗಿಸಿದ ಮೇಲೆ ಮುಚ್ಚಳವನ್ನು ಎರಡು ಸಲ ತೊಳೆದೆ, ಧೂಳು ಹಿಡಿದಿತ್ತು.

ಸಂಜೆ ನಿನ್ನ ತಟ್ಟೆಗೆ ಅನ್ನ ಹಾಕಿದೆ, ಬೇಳೆ ಹಾಕಿದೆ, ಮುಚ್ಚಿದೆ, ಸ್ಟೂಲಿನ ಮೇಲೆ ಇಟ್ಟೆ. ಇದು ಅಮ್ಮನಿಗೆ ಎಂದು ಹೇಳಿದೆ. ಅವಳು ನನ್ನ ಮುಖ ನೋಡಿದಳು, ಸ್ಟೂಲು ನೋಡಿದಳು. ಮೆಲ್ಲಗೆ ಹೋಗಿ ಒಂದು ಸಲ ತಟ್ಟಿದಳು. ಬಂದು ನನ್ನ ಎದುರು ಕೂತು ಬಾಯಿ ತೆರೆದಳು. ನಾನು ತುತ್ತು ಕಲಸಿಯೇ ಇರಲಿಲ್ಲ, ಅಷ್ಟು ಬೇಗ.

ಪೂರ್ತಿ ಉಂಡಳು ಎಂದು ಬರೆದರೆ ನೀನು ನಂಬಬೇಡ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಂಡಳು. ಉಗಿಯಲಿಲ್ಲ. ಮೂರು ದಿನದಿಂದ ಹೀಗೇ ನಡೆದಿದೆ. ಮೊಟ್ಟೆಯ ಹಳದಿ ಮಾತ್ರ ಈಗಲೂ ನಾಲಿಗೆಯಿಂದ ತಳ್ಳುತ್ತಾಳೆ.

ನಿನ್ನ ಪಾಲನ್ನು ಅವಳು ಮಲಗಿದ ಮೇಲೆ ನಾನು ಉಣ್ಣುತ್ತೇನೆ. ಬೆಳಗ್ಗೆ ಎದ್ದು ಮುಚ್ಚಳ ತೆಗೆದು ಖಾಲಿ ತಟ್ಟೆ ನೋಡಿ ಅಮ್ಮ ಎನ್ನುತ್ತಾಳೆ, ನಂತರ ಬಾಗಿಲ ಹಿಂದೆ, ಮಂಚದ ಕೆಳಗೆ ಹುಡುಕುತ್ತಾಳೆ. ಬಂದು ಉಂಡು ಕೆಲಸಕ್ಕೆ ಹೋದಳು ಎಂದು ಹೇಳುತ್ತೇನೆ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದು ಬರೆದೆ. ತೂಕ ಇಳಿಯಿತು ಎಂದೂ ಬರೆದೆ. ಲೋಡು ತುಂಬಿದೆ ಎಂದು ಡ್ರೈವರ್ ಹೇಳಿ, ಲಾರಿ ಹಲಗೆಯ ಮೇಲೆ ಹಗುರ ನಿಂತರೆ ನಾನು ಯಾರನ್ನು ನಂಬಲಿ?

ಬಟಾಣಿಯ ಅಪ್ಪ


ವಾರ್ಡಿನಿಂದ
ಜುಲೈ 25

ಬಟಾಣಿಯ ಅಪ್ಪನಿಗೆ,

ಅವಳು ತಟ್ಟಿ ಬಂದು ಬಾಯಿ ತೆರೆದದ್ದನ್ನು ಓದಿ ಪಕ್ಕದ ಹಾಸಿಗೆಯವಳಿಗೂ ಹೇಳಿದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಅವಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಹಲಗೆ ಹೇಳಿದ್ದೇ ನಿಜ. ಗಾಡಿಯ ಹೆಂಗಸು ತಟ್ಟೆ ಇಟ್ಟು ಹೋಗುತ್ತಾಳೆ, ಬಂದು ತೆಗೆದುಕೊಂಡು ಹೋಗುತ್ತಾಳೆ. ನಡುವೆ ನಾನು ಮುಚ್ಚಳವನ್ನು ತೆಗೆಯುವುದೇ ಇಲ್ಲ. ವಾಸನೆಗೇ ಹೊಟ್ಟೆ ತೊಳಸುತ್ತದೆ. ಇಳಿಯದ್ದನ್ನು ಇಳಿಸುವುದು ಹೇಗೆ? “ಹಿಂಗೇ ಮಾಡ್ತಿರು ತಾಯಿ, ನಾಳೆಯಿಂದ ಬರೀ ಮುಚ್ಚಳ ತಂದಿಡ್ತೀನಿ” ಎಂದು ಅವಳು ದಿನವೂ ಅನ್ನುತ್ತಾಳೆ. ಮಗು ಉಂಡು ಆಡಿಕೊಂಡಿದೆ ಎಂದು ತಿಳಿದಿದ್ದಾಗ ಅವಳಿಗೆ ಇನ್ನು ನನ್ನ ಅಗತ್ಯ ಇಲ್ಲ ಎಂದುಕೊಂಡಿದ್ದೆ. ಈಗ ಹಾಗಿಲ್ಲ. ಈಗ ಉಣ್ಣಬೇಕು ಅನ್ನಿಸುತ್ತದೆ, ಆದರೆ ದೇಹ ಕೇಳುತ್ತಿಲ್ಲ.

ನೀವು ಬೇಜಾರು ಮಾಡಿಕೊಳ್ಳಬೇಡಿ. ನನ್ನ ಪಾಲನ್ನು ನೀವೇ ಉಂಡುಬಿಡಿ. ಅವಳು ಚಿಕ್ಕವಳು, ಗೊತ್ತಾಗುವುದಿಲ್ಲ.

ಬಟಾಣಿಯ ಅಮ್ಮ


ಮನೆಯಿಂದ
ಜುಲೈ 30

ಬಟಾಣಿಯ ಅಮ್ಮನಿಗೆ,

ನಿನ್ನ ಕಾಗದ ಬಂದ ಸಂಜೆ ಎಂದಿನ ಹಾಗೆ ನಿನ್ನ ಪಾಲು ಎತ್ತಿಟ್ಟೆ. ಮಗು ತಟ್ಟಿ ಬಂದು ಉಂಡು ಮಲಗಿದಳು. ಆಮೇಲೆ ತಟ್ಟೆ ಮುಂದಿಟ್ಟುಕೊಂಡು ಕೂತರೆ ನನ್ನ ಕೈ ಬಾಯಿಗೆ ಏಳಲಿಲ್ಲ. ಅಲ್ಲಿ ಒಂದು ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸು ಹೋಗುತ್ತದೆ, ಇಲ್ಲಿ ಇದೊಂದನ್ನು ನಾನು ಕದ್ದು ಉಣ್ಣಬೇಕು. ಆಗಲಿಲ್ಲ. ಹಾಗೇ ಮುಚ್ಚಿ ಮಲಗಿದೆ.

ಬೆಳಗ್ಗೆ ಅವಳು ನನಗಿಂತ ಮೊದಲು ಎದ್ದಿದ್ದಳು. ಮುಚ್ಚಳ ಬಿದ್ದ ಸದ್ದಿಗೆ ನನಗೆ ಎಚ್ಚರವಾಯಿತು. ಸ್ಟೂಲಿನ ಮುಂದೆ ನಿಂತು ತಟ್ಟೆ ನೋಡುತ್ತಿದ್ದಳು. ಅನ್ನ ಒಣಗಿ ಗಟ್ಟಿಯಾಗಿತ್ತು. ನನ್ನ ಕಡೆ ತಿರುಗಿ ಕೇಳಿದಳು, “ಅಮ್ಮಂಗೆ ಬೇಡ್ವಾ?”

ಇಲ್ಲಿಯವರೆಗೆ ಅವಳು ಬೇಡ ಎಂದು ತನ್ನದನ್ನೇ ಹೇಳಿದವಳು. ಇನ್ನೊಬ್ಬರಿಗೆ ಬೇಡವೇ ಎಂದು ಕೇಳಿದ್ದು ಇದೇ ಮೊದಲು. ನಾನು ಹಾಸಿಗೆಯಿಂದ ಎದ್ದೆ. ಅವಳು ಕಾಯಲಿಲ್ಲ. ತಟ್ಟೆಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ಅನ್ನ ತೆಗೆದುಕೊಂಡು, ಬಾಗಿಲ ಹಿಂದೆ ಹೋಗಿ, ಗೂಟದಲ್ಲಿರುವ ನಿನ್ನ ಹಸಿರು ಬಟ್ಟೆಯ ಹತ್ತಿರ ಕೈ ಎತ್ತಿ ಹಿಡಿದಳು. ನಾವು ಉಣಿಸುವಾಗ ನಮ್ಮ ಬಾಯಿಯೂ ತೆರೆಯುತ್ತದಲ್ಲ, ಹಾಗೆ ತಾನೂ ಆ ಎಂದು ಬಾಯಿ ತೆರೆದಳು. ಅವಳ ಕೈ ಬಟ್ಟೆಯ ಜೇಬಿನವರೆಗಷ್ಟೇ ಎಟುಕಿತು. ಅಲ್ಲೊಂದು ಕಲೆಯಾಗಿದೆ. ನಾನು ತೊಳೆದಿಲ್ಲ.

ಆ ದಿನ ಅವಳು ಹಾಲು ಮಾತ್ರ ಕುಡಿದಳು. ನಳಿಗೆಯ ಮಾತು ನೆನಪಾಯಿತು. ಸಂಜೆಯೇ ಮತ್ತೆ ನಿನ್ನ ಪಾಲು ಇಟ್ಟೆ, ಅವಳು ಮಲಗಿದ ಮೇಲೆ ಕಣ್ಣು ಮುಚ್ಚಿಕೊಂಡು ಉಂಡೆ. ಮರುದಿನ ಖಾಲಿ ಕಂಡ ಮೇಲೆ ಅವಳೂ ಉಂಡಳು. ಅವಳಿಗಾಗಿ ನಾನು ಉಣ್ಣುತ್ತೇನೆ, ನಿಲ್ಲಿಸುವುದಿಲ್ಲ. ಆದರೆ ಒಂದು ಸುಳ್ಳು ಬರೆದು ಏನಾಯಿತೆಂದು ನೋಡಿದೆ, ಇದು ಎರಡನೆಯದು. ನಿನಗೆ ಬರೆದದ್ದನ್ನು ಕಾಗದದಲ್ಲಿ ತಿದ್ದಿದೆ. ಅವಳಿಗೆ ಓದಲು ಬರುವುದಿಲ್ಲ, ಅವಳು ತಟ್ಟೆ ನೋಡುತ್ತಾಳೆ. ಚಿಕ್ಕವಳು, ಗೊತ್ತಾಗುವುದಿಲ್ಲ ಎಂದೆಯಲ್ಲ. ಗೊತ್ತಾಗುತ್ತದೆ.

ನಿನ್ನ ಪಾಲು ಎಷ್ಟು ದಿನ ಬೇಕಾದರೂ ಎತ್ತಿಡುತ್ತೇನೆ. ನಿನ್ನ ಹೊಟ್ಟೆಗೆ ಉಣ್ಣುವುದು ಮಾತ್ರ ನನ್ನಿಂದ ಆಗುವ ಕೆಲಸವಲ್ಲ.

ಬಟಾಣಿಯ ಅಪ್ಪ


ವಾರ್ಡಿನಿಂದ
ಆಗಸ್ಟ್ 7

ಬಟಾಣಿಯ ಅಪ್ಪನಿಗೆ,

ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ಮುಚ್ಚಳ ತೆಗೆದೆ, ವಾಂತಿಯಾಯಿತು. ಎರಡನೆಯ ದಿನ ತೆಗೆದೆ, ನಾಲ್ಕು ತುತ್ತು ಹೋಯಿತು.

ಇವತ್ತು ಗಾಡಿ ಬಂದಾಗ ತಟ್ಟೆ ಇಡಿಸಿಕೊಂಡೆ. ಮುಚ್ಚಳದ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿದೆ. ಪಕ್ಕದ ಹಾಸಿಗೆಯವಳು ಏನಿದು ಎಂಬಂತೆ ನೋಡಿದಳು, ನಾನು ಮುಚ್ಚಳ ತೆಗೆದೆ. ಮೂಗು ಹಿಡಿದು, ಕೆನ್ನೆಯಲ್ಲಿ ಇಟ್ಟುಕೊಂಡು, ನೀರು ಕುಡಿದು, ಬಟಾಣಿ ಮಾಡುವ ಎಲ್ಲ ಆಟವನ್ನೂ ಮಾಡಿದೆ. ಉಗಿಯುವುದೊಂದು ಬಿಟ್ಟು. ಗಾಡಿಯ ಹೆಂಗಸು ತಟ್ಟೆ ತೆಗೆಯಲು ಬಂದು ಮಂಚದ ಕೆಳಗೆ ಬಗ್ಗಿ ನೋಡಿದಳು. “ಎಲ್ಲಿ ಸುರಿದೆ ತಾಯಿ?” ಎಂದು ಕೇಳಿದಳು. ನಾನು ಉಂಡೆ ಎಂದೆ. ಅವಳು ನನ್ನ ತುಟಿಯ ಅಂಚನ್ನು ತನ್ನ ಸೆರಗಿನಿಂದ ಒರೆಸಿ, ಗಾಡಿ ತಳ್ಳಿಕೊಂಡು ಹೋದಳು.

ಆಪರೇಷನ್ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಪೂರ್ತಿ ಉಣ್ಣಲಿಲ್ಲ. ಅರ್ಧ ಉಂಡೆ.

ಈ ಕಾಗದ ಮುಟ್ಟಿದ ದಿನ ನನ್ನ ಪಾಲನ್ನು ಎಂದಿನ ಹಾಗೇ ಎತ್ತಿಡಿ. ಅವಳು ಮಲಗಿದ ಮೇಲೆ ಅದರಲ್ಲಿ ಅರ್ಧ ಮಾತ್ರ ಉಣ್ಣಿ. ಉಳಿದರ್ಧ ತಟ್ಟೆಯಲ್ಲೇ ಇರಲಿ, ಮುಚ್ಚಿಡಿ. ಬೆಳಗ್ಗೆ ಅವಳು ಮುಚ್ಚಳ ತೆಗೆದಾಗ ನನ್ನ ತಟ್ಟೆ ಇಲ್ಲಿ ಹೇಗಿದೆಯೋ ಹಾಗೇ ಕಾಣಲಿ.

ಬಟಾಣಿಯ ಅಮ್ಮ